ಕಾಫಿ ಕುಡಿದಿದ್ದರೆ ಹೇಳಿಬಿಡಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ. ಆಪರೇಷನ್‌ಗೆ ಮೊದಲು ಯಾಕೆ ಹೊಟ್ಟೆ ಖಾಲಿ ಇರಬೇಕು, ಎಷ್ಟು ಹೊತ್ತು, ನೀರಾದರೂ ಕುಡಿಯಬಹುದಾ ಅಂತ. ಈ ಹೊತ್ತಿಗೆ ಈ ಪ್ರಶ್ನೆ ಬರೋದು ಸಹಜವೇ. ಮಳೆ ಬಿಟ್ಟಿದೆ, ಅಡಿಕೆ ಕೊನೆ ಕೊಯ್ಲು ಇನ್ನೂ ಜೋರಾಗಿಲ್ಲ. ಜೂನ್‌ನಿಂದ ‘ಮಳೆ ಕಳೀಲಿ, ನೋಡೋಣ’ ಅಂತ ಮುಂದಕ್ಕೆ ಹಾಕಿದ ಹರ್ನಿಯಾ, ಪಿತ್ತಕೋಶದ ಕಲ್ಲು, ಕಣ್ಣಿನ ಪೊರೆ ಎಲ್ಲ ಈಗ ಶಿವಮೊಗ್ಗದ ಬಸ್ಸು ಹತ್ತುತ್ತವೆ. ನಾನು ಅರಿವಳಿಕೆ ಡಾಕ್ಟರು. ಆಪರೇಷನ್ ಟೇಬಲ್ಲಿನ ತಲೆ ಕಡೆ ನಿಂತು ‘ಬೆಳಿಗ್ಗೆಯಿಂದ ಏನಾದ್ರೂ ತಿಂದ್ರಾ?’ ಅಂತ ಕೇಳುವವಳು. ಹಾಗಾಗಿ ಈ ಸಂಚಿಕೆಯ ಪುಟಗಳನ್ನು ಪೂರ್ತಿ ಇದಕ್ಕೇ ಇಟ್ಟಿದ್ದೇನೆ. ಮಂಡಿ ನೋವಿನವರು ಒಂದು ತಿಂಗಳು ಕಾಯಬೇಕು.

ಪ್ರಶ್ನೆ: ನಮ್ಮ ಅತ್ತೆಗೆ 64 ವರ್ಷ, ಸಕ್ಕರೆ ಕಾಯಿಲೆ ಇದೆ. ಪಿತ್ತಕೋಶದ ಕಲ್ಲಿನ ಆಪರೇಷನ್‌ಗೆ ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ದಿನ ಕೊಟ್ಟರು. ‘ರಾತ್ರಿ ಹತ್ತರ ಮೇಲೆ ಏನೂ ಬೇಡ’ ಅಂದಿದ್ದರು. ಅತ್ತೆ ಎಂಟಕ್ಕೇ ಊಟ ಮುಗಿಸಿ, ಆಮೇಲೆ ಒಂದು ಹನಿ ನೀರೂ ಮುಟ್ಟಲಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟೆವು. ಆಪರೇಷನ್ ಆಗಿದ್ದು ಮಧ್ಯಾಹ್ನ ಎರಡೂವರೆಗೆ. ಅಷ್ಟರಲ್ಲಿ ಅವರಿಗೆ ತಲೆಸುತ್ತು, ಬಾಯಿ ಒಣಗಿ ಮಾತೇ ಹೊರಡುತ್ತಿರಲಿಲ್ಲ. ಇಷ್ಟು ಹೊತ್ತು ಬೇಕಿತ್ತಾ ಡಾಕ್ಟರಮ್ಮಾ?
(ಹೊಸನಗರ ತಾಲ್ಲೂಕಿನ ಓದುಗರು)

ಉತ್ತರ: ಬೇಕಿರಲಿಲ್ಲ. ಊಟದ ಮಟ್ಟಿಗೆ ಅವರು ಹೇಳಿದ್ದು ಸರಿ. ನೀರಿನ ವಿಷಯ ಬೇರೆಯಾಗಿ ಹೇಳಬೇಕಿತ್ತು. ಹದಿನೆಂಟು ಗಂಟೆಗೂ ಜಾಸ್ತಿ ನೀರಿಲ್ಲದೆ ಇರೋದು ಗಟ್ಟಿಮುಟ್ಟಾದವರಿಗೇ ಕಷ್ಟ. ಸಕ್ಕರೆ ಕಾಯಿಲೆಯ ಹಿರಿಯರಿಗೆ ಕೇಳಬೇಕಾ?

ಖಾಲಿ ಹೊಟ್ಟೆ ಯಾಕೆ ಅಂತ ಮೊದಲು ಹೇಳುತ್ತೇನೆ. ಹೊಟ್ಟೆ ತುಂಬ ಉಂಡು ಮಲಗಿದರೂ ಅನ್ನ ಬಾಯಿಗೆ ವಾಪಸ್ ಬರೋದಿಲ್ಲ ಅಲ್ವಾ? ಅನ್ನನಾಳದ ಕೆಳತುದಿಯಲ್ಲಿ ಬಿಗಿಯಾದ ಒಂದು ಸ್ನಾಯು ಇದೆ, ಅದು ತಡೆಯುತ್ತದೆ. ಅದನ್ನೂ ದಾಟಿ ಏನಾದರೂ ಗಂಟಲಿಗೆ ಬಂದರೆ ಕೆಮ್ಮು ಬರುತ್ತದೆ, ಶ್ವಾಸನಾಳಕ್ಕೆ ಹೋಗಲು ಬಿಡೋದಿಲ್ಲ. ನಾವು ಕೊಡುವ ಮದ್ದಿಗೆ ಆ ಸ್ನಾಯುವೂ ಸಡಿಲ, ಕೆಮ್ಮೂ ಬಂದ್. ಆಗ ಹೊಟ್ಟೆಯಲ್ಲಿದ್ದದ್ದು ಸದ್ದಿಲ್ಲದೆ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಗಟ್ಟಿ ಆಹಾರವಾದರೆ ಉಸಿರೇ ಕಟ್ಟುತ್ತದೆ. ಬರೀ ರಸವಾದರೂ ಅದರಲ್ಲಿ ಆಸಿಡ್ ಇರುತ್ತದೆ, ಶ್ವಾಸಕೋಶವನ್ನು ಒಳಗಿಂದ ಸುಡುತ್ತದೆ.

ಇದನ್ನು ಲೆಕ್ಕ ಇಟ್ಟು ಬರೆದವರು ಕರ್ಟಿಸ್ ಮೆಂಡೆಲ್ಸನ್ ಅನ್ನುವ ನ್ಯೂಯಾರ್ಕಿನ ಹೆರಿಗೆ ಡಾಕ್ಟರು, 1946ರಲ್ಲಿ. 44,016 ಬಸುರಿಯರ ದಾಖಲೆಯಲ್ಲಿ 66 ಜನಕ್ಕೆ ಹೀಗಾಗಿತ್ತು. ಇಬ್ಬರು ತೀರಿಕೊಂಡಿದ್ದರು. ಇಬ್ಬರಿಗೂ ಗಟ್ಟಿ ಆಹಾರ ಸಿಕ್ಕಿಕೊಂಡೇ ಉಸಿರು ಕಟ್ಟಿತ್ತು. ಅದಾದ ಮೇಲೆ ‘ಮಧ್ಯರಾತ್ರಿಯಿಂದ ಏನೂ ಇಲ್ಲ’ ಅನ್ನೋದು ಎಲ್ಲ ಕಡೆ ಹಬ್ಬಿತು. ಹೇಳೋದಕ್ಕೂ ಸುಲಭ, ನೆನಪಿಡೋದಕ್ಕೂ ಸುಲಭ. ಅನ್ನ ಮತ್ತು ನೀರು ಎರಡನ್ನೂ ಒಂದೇ ಗಂಟಿಗೆ ಕಟ್ಟಿಬಿಟ್ಟರು. ತಮಾಷೆ ಅಂದರೆ ಅದಕ್ಕೂ ಮೊದಲು, 1883ರಲ್ಲೇ, ಜೋಸೆಫ್ ಲಿಸ್ಟರ್ ಅನ್ನುವ ದೊಡ್ಡ ಸರ್ಜನ್ ಬರೆದಿಟ್ಟಿದ್ದರು: ಕ್ಲೋರೋಫಾರ್ಮ್ ಕೊಡುವಾಗ ಹೊಟ್ಟೆಯಲ್ಲಿ ಗಟ್ಟಿ ಪದಾರ್ಥ ಇರಬಾರದು, ಆದರೆ ಎರಡು ಗಂಟೆ ಮೊದಲು ಒಂದು ಕಪ್ ಟೀ ಕೊಟ್ಟರೆ ಒಳ್ಳೆಯದು ಅಂತ. 1999ರಲ್ಲಿ ಅಮೆರಿಕದ ಅರಿವಳಿಕೆ ತಜ್ಞರ ಸಂಘ ನಿಯಮ ಬರೆಯಲು ಕೂತಾಗ ಸುತ್ತಿ ಬಳಸಿ ಅದೇ ಎರಡು ಗಂಟೆಗೆ ಬಂದು ನಿಂತಿತು.

ಈಗ ನಾವು ನಡೆಸುವ ಲೆಕ್ಕ ಇಷ್ಟೇ. ಕರಿದದ್ದು, ಜಿಡ್ಡಿನದು, ಮಾಂಸ ತಿಂದಿದ್ದರೆ 8 ಗಂಟೆ. ಹಗುರವಾದ ತಿಂಡಿಗೆ 6 ಗಂಟೆ. ಹಸು, ಎಮ್ಮೆ ಹಾಲಿಗೂ 6, ಮಜ್ಜಿಗೆಗೂ 6. ತಿಳಿಯಾದ ನೀರಿನಂಥದ್ದಕ್ಕೆ 2 ಗಂಟೆ. ಹಗುರ ಅಂದರೆ ನಮ್ಮ ಕಡೆ ಒಬ್ಬೊಬ್ಬರಿಗೆ ಒಂದೊಂದು ಅರ್ಥ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಎರಡು ಇಡ್ಲಿ ಹಗುರ. ಸಪ್ಪೆ ಗಂಜಿ ಹಗುರ. ಬೆಣ್ಣೆ ಮುದ್ದೆ ಇಟ್ಟ ಅಕ್ಕಿ ರೊಟ್ಟಿ ಹಗುರ ಅಲ್ಲ. ಕಡುಬು, ಕೋಳಿ ಸಾರಂತೂ ಅಲ್ಲವೇ ಅಲ್ಲ. ಆಪರೇಷನ್‌ಗೆ ಹೋಗ್ತಿದ್ದಾರೆ, ಇನ್ನು ನಾಲ್ಕು ದಿನ ಬಾಯಿಗೆ ರುಚಿ ಇಲ್ಲ ಅಂತ ಹಿಂದಿನ ರಾತ್ರಿ ಕೋಳಿ ಕೊಯ್ದು ಬಡಿಸುವ ಮನೆಗಳಿವೆ. ಪ್ರೀತಿ ನನಗೆ ಅರ್ಥ ಆಗುತ್ತದೆ. ಆದರೆ ಬೇಡ.

ತಿಳಿಯಾದದ್ದು ಯಾವುದು ಅಂತ ಅನುಮಾನ ಬಂದರೆ ಗಾಜಿನ ಲೋಟಕ್ಕೆ ಹಾಕಿ, ಆ ಕಡೆ ಪೇಪರ್ ಇಡಿ. ಅಕ್ಷರ ಓದೋಕೆ ಬರಬೇಕು. ನೀರು, ಸಕ್ಕರೆ ನೀರು, ಹಾಲು ಹಾಕದ ಕಪ್ಪು ಟೀ, ಹಾಲು ಹಾಕದ ಕಾಫಿ, ಸೋಸಿದ ನಿಂಬೆ ಪಾನಕ, ಇವೆಲ್ಲ ಪಾಸು. ಗಂಜಿ ತಿಳಿ ಫೇಲು. ಕಷಾಯವನ್ನು ಹಾಲಿಲ್ಲದೆ ಬಟ್ಟೆಯಲ್ಲಿ ಸೋಸಿದರೆ ಆಗುತ್ತಾ ಅಂತ ಒಬ್ಬರು ಕೇಳಿದ್ದಾರೆ. ಮಾರಾಯ್ರೆ, ಒಂದು ದಿನದ ಮಟ್ಟಿಗೆ ನೀರು ಕುಡಿದುಬಿಡಿ!

‘ಹಾಲೂ ನೀರಿನ ಹಾಗೇ ಅಲ್ವಾ, ಕುಡಿಯೋದೇ ತಾನೆ?’ ಅಂತ ಬಹಳ ಜನ ಕೇಳುತ್ತಾರೆ. ಲೋಟದಲ್ಲಿ ಇರುವಾಗ ಹೌದು. ಹೊಟ್ಟೆಗೆ ಹೋದ ಕೂಡಲೇ ಅಲ್ಲಿನ ಆಸಿಡ್‌ಗೆ ಒಡೆದು ಗಟ್ಟಿ ಗಟ್ಟಿಯಾಗುತ್ತದೆ. ಆಮೇಲೆ ಅದು ತಿಂಡಿಯ ಲೆಕ್ಕಕ್ಕೇ ಸೇರಿತು. ನೀರು ಹಾಗಲ್ಲ. ಕುಡಿದ ಅರ್ಧ ಗಂಟೆಯೊಳಗೆ ಅರ್ಧಕ್ಕಿಂತ ಜಾಸ್ತಿ ಹೊಟ್ಟೆಯಿಂದ ಕೆಳಗೆ ಇಳಿದಿರುತ್ತದೆ. ಇನ್ನೊಂದು ಮಾತು. ನೀರು ಬಿಟ್ಟ ಮಾತ್ರಕ್ಕೆ ಹೊಟ್ಟೆ ಒಣಗಿ ಕೂರೋದಿಲ್ಲ. ಜೊಲ್ಲು ನುಂಗುತ್ತಾ ಇರುತ್ತೇವೆ, ಹೊಟ್ಟೆಯ ರಸ ಊರುತ್ತಲೇ ಇರುತ್ತದೆ. ಹಾಗಾಗಿ ಎರಡು ಗಂಟೆ ನೀರು ಬಿಟ್ಟವರಿಗಿಂತ ಹದಿನೆಂಟು ಗಂಟೆ ಬಿಟ್ಟವರ ಹೊಟ್ಟೆ ಜಾಸ್ತಿ ಖಾಲಿ ಅಂತೇನಿಲ್ಲ. ಬಾಯಾರಿಕೆ, ತಲೆನೋವು, ಕೈಗೆ ಸೂಜಿ ಹಾಕೋಕೆ ನರ ಸಿಗದ ಗೋಳು, ಮದ್ದು ಕೊಟ್ಟ ತಕ್ಷಣ ಬಿಪಿ ಇಳಿಯೋದು, ಇವಷ್ಟೇ ಲಾಭ.

ಹಾಗಾದರೆ ಆಸ್ಪತ್ರೆಯವರು ಯಾಕೆ ಹೀಗೆ ಹೇಳುತ್ತಾರೆ? ಲಿಸ್ಟಿನಲ್ಲಿ ನಾಲ್ಕನೆಯವರು ಎರಡನೆಯವರಾಗಬಹುದು, ಎರಡನೆಯವರ ಆಪರೇಷನ್ ಮೂರು ಗಂಟೆ ಎಳೆಯಬಹುದು. ಯಾರ ಸರದಿ ಯಾವಾಗ ಅಂತ ಖಚಿತ ಇಲ್ಲದಿದ್ದಾಗ ಎಲ್ಲರಿಗೂ ಒಂದೇ ಮಾತು ಹೇಳೋದು ಸುಲಭ. ಸುಲಭ, ಅಷ್ಟೇ. ಸರಿ ಅಂತ ನಾನು ಹೇಳೋದಿಲ್ಲ. ಅದಕ್ಕೇ ದಿನ ಗೊತ್ತು ಮಾಡುವಾಗಲೇ ನೀವು ಎರಡು ಪ್ರಶ್ನೆ ಬೇರೆ ಬೇರೆಯಾಗಿ ಕೇಳಿ: ಊಟ ಎಷ್ಟೊತ್ತಿನ ತನಕ, ನೀರು ಎಷ್ಟೊತ್ತಿನ ತನಕ? ಚೀಟಿಯ ಹಿಂದೆ ಬರೆಸಿಕೊಳ್ಳಿ. ಆ ದಿನ ವಾರ್ಡಿಗೆ ಹೋದ ಮೇಲೂ ‘ಸಿಸ್ಟರ್, ನಮ್ಮದು ಎಷ್ಟನೇದು? ತಡ ಆಗೋದಾದ್ರೆ ಅತ್ತೆಗೆ ಸ್ವಲ್ಪ ನೀರು ಕೊಡಬಹುದಾ, ಡಾಕ್ಟರನ್ನ ಕೇಳಿ ಹೇಳಿ’ ಅನ್ನಿ. ಅವರಿಗೆ ಸಿಟ್ಟು ಬಂದರೆ ಬರಲಿ. ಕೇಳದೆ ನೀವೇ ಕೊಡೋದು ಮಾತ್ರ ಬೇಡ.

ನಿಮ್ಮ ಅತ್ತೆಯವರ ವಿಷಯದಲ್ಲಿ ಇನ್ನೂ ಎರಡು ಮಾತಿದೆ. ಸಕ್ಕರೆ ಕಾಯಿಲೆ ಬಹಳ ವರ್ಷದಿಂದ ಇದ್ದವರಲ್ಲಿ ಕೆಲವರಿಗೆ ಹೊಟ್ಟೆಯೇ ನಿಧಾನ. ತಿಂದದ್ದು ಎಂಟು ಗಂಟೆಯಾದರೂ ಪೂರ್ತಿ ಇಳಿದಿರೋದಿಲ್ಲ. ಸ್ವಲ್ಪ ತಿಂದರೂ ಹೊಟ್ಟೆ ತುಂಬಿದ ಹಾಗೆ, ವಾಂತಿ ಬಂದ ಹಾಗೆ ಆಗುತ್ತಿದ್ದರೆ ಮೊದಲೇ ಹೇಳಿ, ಅವರಿಗೆ ಲೆಕ್ಕ ಬೇರೆ. ಎರಡನೆಯದು ಮಾತ್ರೆ. ಊಟ ಇಲ್ಲದ ದಿನ ಸಕ್ಕರೆ ಮಾತ್ರೆಯನ್ನೋ ಇನ್ಸುಲಿನ್ನನ್ನೋ ಎಂದಿನಂತೆ ತೆಗೆದುಕೊಂಡರೆ ಸಕ್ಕರೆ ಇಳಿದು ಬೆವರು, ನಡುಕ ಬರುತ್ತದೆ. ಮೆಟ್‌ಫಾರ್ಮಿನ್ ಸಾಮಾನ್ಯವಾಗಿ ಆ ಬೆಳಿಗ್ಗೆ ಬೇಡ ಅನ್ನುತ್ತೇವೆ. ಇನ್ಸುಲಿನ್ ಎಷ್ಟು ಅಂತ ಡಾಕ್ಟರೇ ಹೇಳಬೇಕು. ಹೆಸರಿನ ಕೊನೆಗೆ ‘ಗ್ಲಿಫ್ಲೋಜಿನ್’ ಅಂತ ಬರುವ ಮಾತ್ರೆಗಳಿವೆ, ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅಂತ. ಇವನ್ನು ಆಪರೇಷನ್‌ಗೆ 3 ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ಇಲ್ಲದಿದ್ದರೆ ಉಪವಾಸದಲ್ಲಿ ಸಕ್ಕರೆ ಸರಿಯಾಗೇ ಕಾಣುತ್ತಿದ್ದರೂ ರಕ್ತದಲ್ಲಿ ಆಸಿಡ್ ಏರುವ ಅಪಾಯ ಇದೆ. ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರನ್ನು ಕೇಳಿ. ಬಿಪಿ ಮಾತ್ರೆಗಳಲ್ಲಿ ಹೆಚ್ಚಿನವನ್ನು ಬೆಳಿಗ್ಗೆ ಒಂದು ಗುಟುಕು ನೀರಲ್ಲಿ ನುಂಗಬಹುದು, ಕೆಲವನ್ನು ಬಿಡಿಸುತ್ತೇವೆ. ಥೈರಾಯ್ಡ್ ಮಾತ್ರೆ ನುಂಗಿ. ರಕ್ತ ತೆಳು ಮಾಡುವ ಮಾತ್ರೆಯ ವಿಷಯ ವಾರದ ಮೊದಲೇ ಕೇಳಿ. ಹೆಸರು ನೆನಪಿರಲ್ಲ ಅಂತಾದರೆ ಮಾತ್ರೆಯ ಡಬ್ಬಿಯನ್ನೇ ಕೈಚೀಲಕ್ಕೆ ಹಾಕಿಕೊಂಡು ಬನ್ನಿ. ‘ಬಿಳಿ ಬಣ್ಣದ್ದು, ಚಿಕ್ಕದು’ ಅಂದರೆ ನನಗೆ ಗೊತ್ತಾಗಲ್ಲ.

ಸಕ್ಕರೆ ಕಾಯಿಲೆಯವರನ್ನು ಲಿಸ್ಟಿನಲ್ಲಿ ಮೊದಲು ಹಾಕಿ ಅಂತ ಕೇಳೋದು ನಿಮ್ಮ ಹಕ್ಕು. ಕಾಯುವಾಗ ಬೆವರು, ನಡುಕ, ಕಣ್ಣು ಮಂಜು ಏನಾದರೂ ಬಂದರೆ ಸುಮ್ಮನೆ ಕೂರಬೇಡಿ. ಬೆರಳಿಗೆ ಚುಚ್ಚಿ ನೋಡಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ.

ಪ್ರಶ್ನೆ: ನನಗೆ ಬೆಳಿಗ್ಗೆ ಕಾಫಿ ಇಲ್ಲದೆ ಆಗೋದೇ ಇಲ್ಲ. ಹೋದ ವರ್ಷ ಆಪರೇಷನ್ ದಿನ ಅರ್ಧ ಲೋಟ ಕುಡಿದು ಸುಮ್ಮನಿದ್ದೆ. ಏನೂ ಆಗಲಿಲ್ಲ. ನೀವೆಲ್ಲ ಸುಮ್ನೆ ಹೆದರಿಸ್ತೀರಿ ಅನ್ಸುತ್ತೆ.
(ಸಾಗರದ ಓದುಗರು)

ಉತ್ತರ: ಆಗದೆ ಇದ್ದದ್ದು ಒಳ್ಳೆಯದಾಯಿತು. ಹೆಚ್ಚಿನವರಿಗೆ ಆಗೋದಿಲ್ಲ ಅನ್ನೋದೂ ನಿಜ. ಆದರೆ ಆದವರಿಗೆ ವಾರಗಟ್ಟಲೆ ಐಸಿಯು.

ನಿಮ್ಮ ಹಾಗೇ ಒಬ್ಬರು ಅಜ್ಜ ಬಂದಿದ್ದರು, ಹರ್ನಿಯಾಕ್ಕೆ. ಕೇಳಿದರೆ ‘ಎಂತದೂ ಮುಟ್ಟಿಲ್ಲ ಮೇಡಂ’ ಅಂದರು. ಬಿಳಿ ಮೀಸೆಯ ತುದಿಯಲ್ಲಿ ಕಾಫಿ ನೊರೆ ಕಂದಾಗಿ ಒಣಗಿ ಕೂತಿತ್ತು. ನಾನು ಮೀಸೆ ನೋಡುತ್ತಿದ್ದೆ, ಅವರು ಗೋಡೆ ನೋಡುತ್ತಿದ್ದರು. ಬಾಗಿಲ ಹತ್ತಿರ ನಿಂತಿದ್ದ ಅಜ್ಜಿ ‘ಕುಡ್ದಿದೀರಿ ಅಲ್ದಾ, ಹೇಳಿ ಹೇಳಿ’ ಅಂದುಬಿಟ್ಟರು. ಆಸ್ಪತ್ರೆ ಎದುರಿನ ಕ್ಯಾಂಟೀನಿನಲ್ಲಿ, ಆಗಷ್ಟೇ, ಪೂರ್ತಿ ಲೋಟ. ಅಜ್ಜನನ್ನು ಲಿಸ್ಟಿನ ಕೊನೆಗೆ ಹಾಕಿದೆವು, ಸಂಜೆ ಆಪರೇಷನ್ ಆಯಿತು, ಮರುದಿನ ಊರಿಗೆ ಹೋದರು. ಕಾಫಿ ಕುಡಿದಿದ್ದೀನಿ ಅಂತ ಹೇಳಿದರೆ ಆಗುವ ದೊಡ್ಡ ನಷ್ಟ ಇಷ್ಟೇ. ಬೈಯುವವರು ಒಬ್ಬಿಬ್ಬರು ಇರಬಹುದು. ಬೈಸಿಕೊಳ್ಳಿ.

ಸುಳ್ಳು ಯಾಕೆ ಹೇಳುತ್ತಾರೆ ಅನ್ನೋದೂ ನನಗೆ ಗೊತ್ತಿದೆ. ಶಿವಮೊಗ್ಗಕ್ಕೆ ಬರೋಕೆ ಎರಡು ಬಸ್ಸು, ಮನೆಯಲ್ಲಿ ಹಾಲು ಕರೆಯೋಕೆ ಪಕ್ಕದವರನ್ನು ಒಪ್ಪಿಸಿರುತ್ತಾರೆ, ಜೊತೆಗೆ ಬಂದ ಮಗನಿಗೆ ರಜೆ ಒಂದೇ ದಿನ. ಇನ್ನೊಂದು ದಿನ ಬನ್ನಿ ಅಂದರೆ ಎಲ್ಲ ಮೊದಲಿನಿಂದ. ಅಷ್ಟೆಲ್ಲ ಇದ್ದರೂ ಹೇಳಿಬಿಡಿ. ಎಷ್ಟು ಹೊತ್ತಿಗೆ, ಏನು, ಎಷ್ಟು ಅಂತ ಸರಿಯಾಗಿ ಹೇಳಿದರೆ ಬಹಳ ಸಲ ಅದೇ ದಿನ ತಡವಾಗಿಯಾದರೂ ಮಾಡುತ್ತೇವೆ.

ಅಂದಹಾಗೆ, ಕಾಫಿ ಬಿಟ್ಟರೆ ತಲೆನೋವು ಬರುವವರು ನೀವಾದರೆ, ಹಾಲಿಲ್ಲದ ಕಾಫಿಯನ್ನು ಎರಡು ಗಂಟೆ ಮೊದಲು ಕುಡಿಯಬಹುದಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಯುರೋಪಿನವರು ಲೋಟದ ಐದರಲ್ಲಿ ಒಂದು ಪಾಲಿನಷ್ಟು ಹಾಲು ಇದ್ದರೂ ನಡೆಯುತ್ತದೆ ಅನ್ನುತ್ತಾರೆ. ಅವರ ಕಾಫಿ ಬೇರೆ. ನಮ್ಮ ಲೋಟದಲ್ಲಿ ಅರ್ಧಕ್ಕಿಂತ ಜಾಸ್ತಿ ಹಾಲೇ ಇರುತ್ತದೆ.

ಪ್ರಶ್ನೆ: ನನಗೆ 71. ಹುಡುಗನಾಗಿದ್ದಾಗಿನಿಂದ ಏಕಾದಶಿ ತಪ್ಪಿಸಿದವನಲ್ಲ. ಉಪವಾಸ ಮಾಡಿ ಅಂತ ನನಗೂ ನರ್ಸ್ ಪಾಠ ಮಾಡಬೇಕಾ? ಬೆಳಿಗ್ಗೆ ಪೂಜೆ ಮಾಡಿ ತೀರ್ಥ ತಗೊಂಡು ಬರಬಹುದೋ ಇಲ್ಲವೋ ಅದನ್ನು ಹೇಳಿ.
(ತೀರ್ಥಹಳ್ಳಿಯ ಓದುಗರು)

ಉತ್ತರ: ನಿಮಗೆ ಉಪವಾಸ ಕಲಿಸುವಷ್ಟು ದೊಡ್ಡವಳಲ್ಲ ನಾನು. ಆದರೆ ಏಕಾದಶಿ ದಿನ ಎಷ್ಟೋ ಮನೆಯಲ್ಲಿ ಅವಲಕ್ಕಿ, ಬಾಳೆಹಣ್ಣು, ಬಿಸಿ ಹಾಲು ಆಗುತ್ತದೆ. ದೇವರ ಲೆಕ್ಕದಲ್ಲಿ ಅದು ನಡೆಯುತ್ತದೆ. ನನ್ನ ಲೆಕ್ಕದಲ್ಲಿ ಅದು ತಿಂಡಿ. ‘ಉಪವಾಸದಲ್ಲೇ ಇದೀನಿ’ ಅಂದವರು ಬೆಳಿಗ್ಗೆ ಎರಡು ಬಾಳೆಹಣ್ಣು ತಿಂದಿದ್ದದ್ದು ಆಮೇಲೆ ಗೊತ್ತಾದದ್ದಿದೆ. ಅವರು ಸುಳ್ಳು ಹೇಳಿರಲಿಲ್ಲ.

ತೀರ್ಥ ತಗೊಳ್ಳಿ, ಒಂದು ಉದ್ಧರಣೆ ನೀರಿಗೆ ಏನೂ ಆಗೋದಿಲ್ಲ. ತುಳಸಿ ಎಲೆ ಕಿವಿಗೆ ಇಟ್ಟುಕೊಳ್ಳಿ. ಪಂಚಾಮೃತ ಬೇಡ, ಅದರಲ್ಲಿ ಹಾಲು, ಮೊಸರು, ತುಪ್ಪ ಎಲ್ಲ ಇದೆ. ಸಿಗಂದೂರಿನಿಂದಲೋ ಶೃಂಗೇರಿಯಿಂದಲೋ ಪ್ರಸಾದ ತಂದು ‘ಒಳ್ಳೇದಾಗ್ಲಿ’ ಅಂತ ಬಾಯಿಗೆ ಹಾಕುವ ನೆಂಟರಿಗೆ, ಪೊಟ್ಟಣ ಕಟ್ಟಿಟ್ಟು ಆಪರೇಷನ್ ಆದ ಮೇಲೆ ಕೊಡೋಕೆ ಹೇಳಿ.

ನಿಮ್ಮಂಥವರ ಬಗ್ಗೆ ನನಗೆ ಇನ್ನೊಂದು ಚಿಂತೆ. ನೀವು ನಿಟ್ಟುಪವಾಸ ಮಾಡುವವರು. ಆಪರೇಷನ್ ದ್ವಾದಶಿ ಬೆಳಿಗ್ಗೆ ಬಿದ್ದರೆ ಪಾರಣೆಯೂ ಇಲ್ಲದೆ ಎರಡು ದಿನದ ಬಾಯಾರಿಕೆಯಲ್ಲಿ ಬಂದು ಮಲಗುತ್ತೀರಿ. ಆ ವಯಸ್ಸಿನಲ್ಲಿ ಕಿಡ್ನಿಗೆ ಅದು ಒಳ್ಳೆಯದಲ್ಲ. ದಿನ ಗೊತ್ತು ಮಾಡುವಾಗ ಪಂಚಾಂಗ ನೋಡಿ ಎರಡು ದಿನ ಆಚೀಚೆ ಕೇಳಿ. ಡಾಕ್ಟರುಗಳು ಇದಕ್ಕೆ ನಗುತ್ತಾರೆ ಅಂತ ಹೆದರಬೇಡಿ. ಅಮಾವಾಸ್ಯೆ ದಿನ ಆಪರೇಷನ್ ಬೇಡ ಅನ್ನುವವರನ್ನೇ ದಿನಾ ನೋಡುತ್ತೇವೆ.

ಪ್ರಶ್ನೆ: ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮಾತ್ರ ಮರಗಟ್ಟಿಸ್ತೀವಿ ಅಂದ್ರು. ಎಚ್ಚರ ಇರ್ತೀನಲ್ಲ, ಮತ್ತೆ ಯಾಕೆ ಉಪವಾಸ?

ಉತ್ತರ: ಬೆನ್ನಿನ ಮದ್ದಿಗೆ ಬಿಪಿ ಇಳಿದು ವಾಂತಿ ಬರುವುದುಂಟು, ಅದೂ ಅಂಗಾತ ಮಲಗಿರುವಾಗ. ಕೆಲವೊಮ್ಮೆ ಮದ್ದು ಪೂರ್ತಿ ಹಿಡಿಯದೆ, ಇಲ್ಲವೇ ಆಪರೇಷನ್ ಉದ್ದವಾಗಿ, ಪೂರ್ತಿ ನಿದ್ದೆಯ ಮದ್ದೇ ಕೊಡಬೇಕಾಗುತ್ತದೆ. ಆಗ ಎದ್ದು ಆರು ಗಂಟೆ ಬಿಟ್ಟು ಬನ್ನಿ ಅನ್ನೋಕೆ ಆಗಲ್ಲ. ಕಣ್ಣಿನ ಪೊರೆಗೆ ಬರೀ ಹನಿ ಹಾಕಿ ಮಾಡುವ ಕಡೆ ಹಗುರ ತಿಂಡಿ ತಿಂದು ಬನ್ನಿ ಅಂತಲೇ ಹೇಳುವುದುಂಟು. ನಿಮ್ಮ ಆಸ್ಪತ್ರೆ ಏನು ಹೇಳಿದೆಯೋ ಹಾಗೆ ಮಾಡಿ.

ಪ್ರಶ್ನೆ: ಎಲೆ ಅಡಿಕೆ ಹಾಕಬಹುದಾ? ನುಂಗೋದಿಲ್ಲ, ಉಗೀತೀನಿ.
(ಹೆಸರು ಬೇಡ ಅಂದಿದ್ದಾರೆ, ಕೊಪ್ಪ ಕಡೆಯವರು)

ಉತ್ತರ: ಬೇಡ. ನಾನೂ ಅಡಿಕೆ ತೋಟದ ಮನೆಯ ಮಗಳೇ, ಅಂಗಳದಲ್ಲಿ ಅಡಿಕೆ ಹರವಿದ ವಾಸನೆಯಲ್ಲೇ ಬೆಳೆದವಳು. ಆದರೂ ಬೇಡ. ಎಷ್ಟೇ ಉಗಿದರೂ ರಸ ಒಳಗೆ ಹೋಗುತ್ತದೆ. ಅದಕ್ಕಿಂತ ಚೂರುಗಳ ಕಾಟ ಜಾಸ್ತಿ. ದವಡೆ ಹಲ್ಲಿನ ಹಿಂದೆ, ಕೆನ್ನೆಯ ಸಂದಿಯಲ್ಲಿ ಅಡಗಿ ಕೂತ ಅಡಿಕೆ ಚೂರು ನಿದ್ದೆಯಲ್ಲಿ ಜಾರಿ ಶ್ವಾಸನಾಳಕ್ಕೆ ಹೋದರೆ ಆಪರೇಷನ್ ಬಿಟ್ಟು ಅದನ್ನು ಹುಡುಕುತ್ತಾ ಕೂರಬೇಕು. ತಂಬಾಕು ಸೇರಿದ್ದರೆ ಎದೆ ಬಡಿತ, ಬಿಪಿ ಎರಡೂ ಏರುತ್ತದೆ. ಗುಟ್ಕಾಕ್ಕೂ ಇದೇ ಉತ್ತರ. ಬೀಡಿ ಹಿಂದಿನ ದಿನವೇ ಬಂದ್, ಇನ್ನೂ ಮೊದಲು ಬಿಟ್ಟರೆ ಇನ್ನೂ ಒಳ್ಳೆಯದು.

ನೀವು ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ಆಪರೇಷನ್‌ಗೆ ಮೊದಲು ನಾವು ‘ಬಾಯಿ ದೊಡ್ಡದಾಗಿ ತೆರೀರಿ’ ಅನ್ನುವುದು ಹಲ್ಲು ಎಣಿಸೋಕಲ್ಲ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟರೆ ಮೇಲಿನ ಹಲ್ಲು, ಕೆಳಗಿನ ಹಲ್ಲಿನ ನಡುವೆ ಹಿಡಿಸಬೇಕು. ಬಹಳ ವರ್ಷ ಅಡಿಕೆ, ಗುಟ್ಕಾ ಜಗಿದವರಲ್ಲಿ ಕೆಲವರಿಗೆ ಕೆನ್ನೆಯ ಒಳಭಾಗ ಬಿಳಿಚಿ, ಗಟ್ಟಿಯಾಗಿ, ಬಾಯಿ ಒಂದು ಬೆರಳಿನಷ್ಟೂ ತೆರೆಯೋದಿಲ್ಲ. ಖಾರ ತಿಂದರೆ ಉರಿ. ಅಂಥ ಬಾಯಿಯಿಂದ ಉಸಿರಿನ ಟ್ಯೂಬ್ ಹಾಕೋದು ನಮಗೆ ಬಹಳ ಕಷ್ಟ, ಮೂಗಿನಿಂದ ಕ್ಯಾಮೆರಾ ಹಾಕಿ ಎಚ್ಚರ ಇರುವಾಗಲೇ ಇಳಿಸಬೇಕಾಗುತ್ತದೆ. ಈಗಲೇ ಕನ್ನಡಿ ಮುಂದೆ ಮೂರು ಬೆರಳು ಇಟ್ಟು ನೋಡಿ. ಹಿಡಿಸದಿದ್ದರೆ ಆಪರೇಷನ್ ಇರಲಿ ಬಿಡಲಿ, ದಂತವೈದ್ಯರಿಗೆ ತೋರಿಸಿ.

ಪ್ರಶ್ನೆ: ನಮ್ಮ ತೋಟದಲ್ಲಿ ಕೊನೆ ತೆಗೆಯೋ ಹುಡುಗ ಮರದಿಂದ ಬಿದ್ದು ತೊಡೆ ಮೂಳೆ ಮುರೀತು, ಹೊಟ್ಟೆ ಒಳಗೆ ರಕ್ತ. ಆಗಷ್ಟೇ ನಾಲ್ಕು ರೊಟ್ಟಿ ತಿಂದಿದ್ದ. ಆದರೂ ಶಿವಮೊಗ್ಗದಲ್ಲಿ ತಕ್ಷಣ ಆಪರೇಷನ್ ಮಾಡಿದ್ರು, ಈಗ ಆರಾಮಿದ್ದಾನೆ. ಹಾಗಾದರೆ ಉಳಿದವರಿಗೆ ಯಾಕೆ ಈ ಶಿಕ್ಷೆ?

ಉತ್ತರ: ಒಳ್ಳೆಯ ಪ್ರಶ್ನೆ. ಅವನಿಗೆ ಕಾಯಲು ಸಮಯ ಇರಲಿಲ್ಲ. ಹೊಟ್ಟೆಯಲ್ಲಿ ರಕ್ತ ಹೋಗುತ್ತಿರುವಾಗ ಆರು ಗಂಟೆ ಕಾದರೆ ಜೀವವೇ ಹೋಗುತ್ತದೆ. ದೊಡ್ಡ ಅಪಾಯ ತಪ್ಪಿಸಲು ಚಿಕ್ಕ ಅಪಾಯಕ್ಕೆ ಒಪ್ಪುತ್ತೇವೆ, ಅದಕ್ಕೆ ತಯಾರಿಯೂ ಬೇರೆ. ಮೊದಲು ಕೆಲವು ನಿಮಿಷ ಬರೀ ಆಕ್ಸಿಜನ್. ಆಮೇಲೆ ಮಲಗಿಸುವ ಮದ್ದು, ಸ್ನಾಯು ಸಡಿಲ ಮಾಡುವ ಮದ್ದು ಒಂದರ ಹಿಂದೆ ಒಂದು, ತಡ ಇಲ್ಲ. ಒಬ್ಬರು ಗಂಟಲಿನ ಮುಂದಿನ ಮೆದುಮೂಳೆಯನ್ನು ಬೆರಳಲ್ಲಿ ಒತ್ತಿ ಹಿಡಿಯುವುದೂ ಉಂಟು, ಹಿಂದೆ ಇರುವ ಅನ್ನನಾಳ ಮುಚ್ಚಲಿ ಅಂತ. 1961ರಲ್ಲಿ ಬ್ರಯಾನ್ ಸೆಲಿಕ್ ಅನ್ನುವ ಇಂಗ್ಲೆಂಡಿನ ಡಾಕ್ಟರು ಹೇಳಿಕೊಟ್ಟದ್ದು ಅದು. ಅದರಿಂದ ಎಷ್ಟು ಉಪಯೋಗ ಅಂತ ನಮ್ಮಲ್ಲೇ ಇನ್ನೂ ಜಗಳ ಇದೆ. ಪಕ್ಕದಲ್ಲಿ, ಗಂಟಲಿಗೆ ಬಂದದ್ದನ್ನು ಹೀರಿ ತೆಗೆಯುವ ಸಕ್ಷನ್ ಪೈಪು ಆನ್ ಆಗಿಯೇ ಇರುತ್ತದೆ. ಟ್ಯೂಬ್ ಕೂತು, ಅದರ ಬಲೂನು ಉಬ್ಬುವ ತನಕ ಕೋಣೆಯಲ್ಲಿ ಯಾರೂ ಮಾತಾಡೋದಿಲ್ಲ. ಇಷ್ಟೆಲ್ಲ ಮಾಡಿಯೂ ಹೊಟ್ಟೆ ತುಂಬಿದವರಲ್ಲಿ ಅಪಾಯ ಜಾಸ್ತಿಯೇ. ವಾರದ ಮೊದಲೇ ದಿನ ಗೊತ್ತಿರುವ ಹರ್ನಿಯಾಕ್ಕೆ ಆ ಅಪಾಯ ಯಾಕೆ ಬೇಕು?

ನಿಮ್ಮ ಪತ್ರದ ಕೊನೆಯಲ್ಲಿ ಒಂದು ಸಾಲು ಇದೆ, ‘ಬಿದ್ದ ಕೂಡಲೇ ನೀರು ಕುಡಿಸಿ, ದಾರಿಯಲ್ಲಿ ಟೀ ಕುಡಿಸಿ ಕರ್ಕೊಂಡು ಹೋದ್ವಿ’ ಅಂತ. ಮರದಿಂದ ಬಿದ್ದವರಿಗೆ, ಬೈಕಿನಿಂದ ಬಿದ್ದವರಿಗೆ ಬಾಯಿಗೆ ಏನೂ ಹಾಕಬೇಡಿ. ಗಾಯ, ನೋವು ಜೋರಾದಾಗ ಹೊಟ್ಟೆ ಕೆಲಸ ನಿಲ್ಲಿಸುತ್ತದೆ. ಬಿದ್ದ ಹೊತ್ತಿಗೆ ಇದ್ದ ರೊಟ್ಟಿ ರಾತ್ರಿ ತನಕ ಅಲ್ಲೇ ಇರಬಹುದು, ಮೇಲಿಂದ ನಿಮ್ಮ ಟೀ ಬೇರೆ. ಬಾಯಾರಿಕೆ ಅಂತ ಗೋಳಾಡಿದರೆ ತುಟಿ ಒದ್ದೆ ಮಾಡಿ. ಎಷ್ಟೊತ್ತಿಗೆ ತಿಂದ, ಎಷ್ಟೊತ್ತಿಗೆ ಬಿದ್ದ ಅನ್ನೋದು ನೆನಪಿಟ್ಟುಕೊಂಡು ಬನ್ನಿ. ನಾವು ಕೇಳುವ ಮೊದಲ ಪ್ರಶ್ನೆಗಳಲ್ಲಿ ಅವೂ ಇರುತ್ತವೆ.

ಪ್ರಶ್ನೆ: ಮಗಳಿಗೆ 6 ವರ್ಷ, ಟಾನ್ಸಿಲ್ ಆಪರೇಷನ್ ಇದೆ. ಅಷ್ಟು ಹೊತ್ತು ಹಸಿದುಕೊಂಡು ಹೇಗಿರ್ತಾಳೆ?

ಉತ್ತರ: ಅಷ್ಟು ಹೊತ್ತು ಇರಿಸಬೇಡಿ. ಊಟಕ್ಕೆ, ಹಾಲಿಗೆ 6 ಗಂಟೆ, ನೀರಿಗೆ 2 ಗಂಟೆ. ಯುರೋಪಿನ ಎಷ್ಟೋ ಕಡೆ ಮಕ್ಕಳಿಗೆ ನೀರನ್ನು 1 ಗಂಟೆ ಮೊದಲಿನವರೆಗೂ ಕೊಡುತ್ತಾರೆ. ನಿಮ್ಮ ಡಾಕ್ಟರು ಎಷ್ಟು ಅನ್ನುತ್ತಾರೋ ಅಷ್ಟು. ಬೆಳಿಗ್ಗೆ ಎಂಟಕ್ಕೆ ಆಪರೇಷನ್ ಅಂದರೆ ಆರರ ಒಳಗೆ ಎಬ್ಬಿಸಿ ಒಂದು ಲೋಟ ಸಕ್ಕರೆ ನೀರು ಕುಡಿಸಿ. ಮಲಗಿದ್ದಾಳೆ ಪಾಪ ಅಂತ ಬಿಟ್ಟರೆ ಎದ್ದ ಮೇಲೆ ಅಳು ನಿಲ್ಲಿಸೋಕೆ ನಿಮಗೇ ಆಗಲ್ಲ. ಎದೆಹಾಲು ಕುಡಿಯುವ ಕೂಸಾದರೆ 4 ಗಂಟೆ, ಡಬ್ಬಿ ಹಾಲಿಗೆ 6.

ಅವಳ ಎದುರು ಯಾರೂ ತಿನ್ನಬೇಡಿ. ಬ್ಯಾಗು, ಜೇಬು ಎಲ್ಲ ನೋಡಿ. ಅಜ್ಜಿಯ ಸೆರಗಿನ ತುದಿಯನ್ನೂ ನೋಡಿ, ಅಲ್ಲಿ ಬಿಸ್ಕತ್ತು ಇರುತ್ತದೆ. ಈ ವಯಸ್ಸಿಗೆ ಹಾಲುಹಲ್ಲು ಅಲ್ಲಾಡುತ್ತಿರುತ್ತದೆ, ಯಾವುದು ಅಂತ ನಮಗೆ ತೋರಿಸಿ. ಟ್ಯೂಬ್ ಹಾಕುವಾಗ ಕಿತ್ತು ಒಳಗೆ ಹೋದರೆ ಇನ್ನೊಂದು ಕತೆ.

ಪ್ರಶ್ನೆ: ರಕ್ತ ಪರೀಕ್ಷೆಗೆ ಹೋದಾಗ ನೀರು ಕುಡಿಯಬೇಡಿ ಅಂತ ಒಬ್ಬರು, ಸ್ಕ್ಯಾನಿಂಗ್‌ಗೆ ಒಂದು ಬಾಟ್ಲಿ ನೀರು ಕುಡೀರಿ ಅಂತ ಇನ್ನೊಬ್ಬರು. ಯಾವುದು ಸರಿ?

ಉತ್ತರ: ಖಾಲಿ ಹೊಟ್ಟೆಯ ಸಕ್ಕರೆ ಪರೀಕ್ಷೆಗೆ ಕನಿಷ್ಠ 8 ಗಂಟೆ ಊಟ, ಕಾಫಿ, ಟೀ, ಅಡಿಕೆ ಬೇಡ. ಬರೀ ನೀರು ಧಾರಾಳವಾಗಿ ಕುಡಿಯಬಹುದು. ಊಟದ ನಂತರದ ಪರೀಕ್ಷೆಯ ಎರಡು ಗಂಟೆಯನ್ನು ಮೊದಲ ತುತ್ತಿನಿಂದ ಎಣಿಸಿ, ಕೈ ತೊಳೆದ ಮೇಲಿಂದಲ್ಲ. ಮೂರು ತಿಂಗಳ ಸಕ್ಕರೆ ಅನ್ನುತ್ತಾರಲ್ಲ, ಆ ಎಚ್‌ಬಿಎ1ಸಿಗೆ ಉಪವಾಸವೇ ಬೇಡ. ಸ್ಕ್ಯಾನಿಂಗ್ ಹೊಟ್ಟೆಯ ಮೇಲ್ಭಾಗಕ್ಕಾದರೆ ಊಟ ಬಿಟ್ಟು ಹೋಗಬೇಕು. ತಿಂದರೆ ಪಿತ್ತಕೋಶ ಮುದುಡಿಕೊಳ್ಳುತ್ತದೆ, ಕಲ್ಲು ಕಾಣೋದಿಲ್ಲ. ಗರ್ಭಕೋಶ, ಮೂತ್ರಕೋಶ ನೋಡುವುದಾದರೆ ನೀರು ಕುಡಿದು ಮೂತ್ರ ಕಟ್ಟಿಕೊಂಡು ಹೋಗಬೇಕು. ಹಾಗಾಗಿ ಇಬ್ಬರೂ ಪೂರ್ತಿ ತಪ್ಪಲ್ಲ. ಚೀಟಿಯಲ್ಲಿ ಯಾವ ಸ್ಕ್ಯಾನಿಂಗ್ ಅಂತ ಓದಿಸಿಕೊಳ್ಳಿ.

ಪ್ರಶ್ನೆ: ಗಂಟಲಿನಿಂದ ಪೈಪು ಹಾಕಿ ಹೊಟ್ಟೆ ನೋಡುವ ಪರೀಕ್ಷೆ ಇದೆ, ಮರುವಾರ ಕೆಳಗಿನಿಂದ ಕರುಳು ನೋಡ್ತಾರಂತೆ. ಮುಗಿದ ಕೂಡಲೇ ಕಾಫಿ ಕುಡಿಯಬಹುದಾ?
(ಸೊರಬದ ಓದುಗರು)

ಉತ್ತರ: ಮೊದಲನೆಯದಕ್ಕೆ ಹೊಟ್ಟೆ ಖಾಲಿ ಇದ್ದರೆ ಸಾಕು, ಲೆಕ್ಕ ಮೇಲೆ ಹೇಳಿದ್ದೇ. ಅನ್ನದ ಅಗುಳು ಇದ್ದರೆ ಅದರ ಹಿಂದಿರುವ ಹುಣ್ಣು ಕಾಣೋದಿಲ್ಲ. ಎರಡನೆಯದಕ್ಕೆ ಎರಡು ಮೂರು ದಿನ ಮೊದಲಿನಿಂದಲೇ ಸೊಪ್ಪು, ಬೀಜ ಇರುವ ಹಣ್ಣು, ರಾಗಿ, ಇಡೀ ಕಾಳು ಬಿಡಿ. ಹಿಂದಿನ ದಿನ ತಿಳಿಯಾದ ಪಾನೀಯ ಮಾತ್ರ ಅಂತ ಹೇಳಿದರೆ, ನಮ್ಮ ಕಡೆಯ ಮುರುಗಲ ಹಣ್ಣಿನ ಪಾನಕ ಬೇಡ. ಎಷ್ಟು ಸೋಸಿದರೂ ಕೆಂಪು ಹೋಗಲ್ಲ, ಕರುಳಿನಲ್ಲಿ ರಕ್ತದ ಹಾಗೆ ಕಾಣುತ್ತದೆ. ನಿಂಬೆ ಪಾನಕ ಆಗುತ್ತದೆ.

ಕಾಫಿಗೆ ಸ್ವಲ್ಪ ತಾಳಿ. ಗಂಟಲಿಗೆ ಮರಗಟ್ಟಿಸುವ ಸ್ಪ್ರೇ ಹೊಡೆದಿದ್ದರೆ ಅದರ ಜೋರು ಇಳಿಯೋಕೆ ಹೆಚ್ಚುಕಮ್ಮಿ ಒಂದು ಗಂಟೆ ಬೇಕು. ಅಲ್ಲಿಯ ತನಕ ನುಂಗಿದ್ದು ಎಲ್ಲಿ ಹೋಗುತ್ತಿದೆ ಅಂತ ನಿಮಗೇ ಗೊತ್ತಾಗೋದಿಲ್ಲ, ಬಿಸಿಯೂ ತಿಳಿಯೋದಿಲ್ಲ. ಮೊದಲು ತಣ್ಣೀರು ಒಂದು ಗುಟುಕು. ಕೆಮ್ಮು ಬರದೆ ಸಲೀಸಾಗಿ ಇಳಿದರೆ ಆಮೇಲೆ ಕಾಫಿ. ನಿದ್ದೆಯ ಇಂಜೆಕ್ಷನ್ ಕೊಟ್ಟಿದ್ದರೆ ಅವತ್ತು ಬೈಕ್ ಮುಟ್ಟಬೇಡಿ, ಜೊತೆಗೆ ಮನೆಯವರು ಒಬ್ಬರು ಇರಲಿ. ಸೊರಬದ ಬಸ್ಸಿನಲ್ಲಿ ಕೂತು ನಿದ್ದೆ ಹೋದರೆ ಎಬ್ಬಿಸೋಕಾದರೂ ಒಬ್ಬರು ಬೇಕು.